ಐ.ಇ., ಇ.ಜಿ., ವಿಜ್., ಎಟ್ಸೆಟ್ರಾ: ಇಂಗ್ಲಿಷ್ ಬರೆಯುವಾಗ ಯಾವುದನ್ನು ಎಲ್ಲಿ ಹಾಕಬೇಕು?

ಒಂದು ನೋಟಿಸಿನಲ್ಲಿ ಇಂಗ್ಲಿಷಿನ ಈ ಸಾಲು ಇದೆ ಎಂದುಕೊಳ್ಳಿ: ‘ಬ್ರಿಂಗ್ ಎ ಫೋಟೋ ಐಡಿ, ಐ.ಇ., ಆಧಾರ್, ಪಾಸ್‌ಪೋರ್ಟ್ ಆರ್ ವೋಟರ್ ಐಡಿ.’ ಡ್ರೈವಿಂಗ್ ಲೈಸೆನ್ಸ್ ಒಂದನ್ನೇ ಜೇಬಿನಲ್ಲಿಟ್ಟುಕೊಂಡು ಬಂದವರನ್ನು ಒಳಗೆ ಬಿಡಬಹುದೇ? ಬರೆದದ್ದನ್ನು ಬರೆದಂತೆ ಓದಿದರೆ ಬಿಡುವಂತಿಲ್ಲ. ಐ.ಇ. ಎಂದರೆ ‘ಅದೇನೆಂದರೆ’, ಹೆಸರಿಸಿದ ಮೂರರಲ್ಲಿ ಲೈಸೆನ್ಸ್ ಇಲ್ಲ. ಅದೇ ಸಾಲಿನಲ್ಲಿ ಐ.ಇ. ಅಳಿಸಿ ಇ.ಜಿ. ಹಾಕಿ ನೋಡಿ. ಈಗ ಲೈಸೆನ್ಸ್ ತಂದವರನ್ನು ತಡೆಯಲು ಬಾಗಿಲಲ್ಲಿ ನಿಂತವರಿಗೆ ಕಾರಣವೇ ಸಿಗುವುದಿಲ್ಲ, ಏಕೆಂದರೆ ಆ ಮೂರು ಹೆಸರುಗಳು ಬರೀ ಉದಾಹರಣೆಗಳು.

ಇಂಗ್ಲಿಷಿನೊಳಗೆ ಉಳಿದುಕೊಂಡಿರುವ ಈ ಲ್ಯಾಟಿನ್ ತುಣುಕುಗಳನ್ನು ನಾವು ಅರ್ಜಿ, ವರದಿ, ಟೆಂಡರ್, ಪ್ರಬಂಧಗಳಲ್ಲಿ ದಿನವೂ ಬಳಸುತ್ತೇವೆ. ಇವುಗಳ ನಡುವೆ ಆರಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಓದುವವರಿಗೆ ನಾನು ‘ಇಷ್ಟೇ’ ಎನ್ನುತ್ತಿದ್ದೇನೆಯೇ, ‘ಇಂಥವು’ ಎನ್ನುತ್ತಿದ್ದೇನೆಯೇ? ‘ಇಷ್ಟೇ’ ಎಂದರೆ ಪಟ್ಟಿ ಮುಚ್ಚಿತು. ‘ಇಂಥವು’ ಎಂದರೆ ಇನ್ನೂ ತೆರೆದಿದೆ.

ನಮಗೇ ಯಾಕೆ ಗೊಂದಲ?

ಇಂಗ್ಲಿಷ್ ಮನೆಮಾತಾದವರೂ ಐ.ಇ. ಮತ್ತು ಇ.ಜಿ.ಗಳನ್ನು ಅದಲುಬದಲು ಮಾಡುತ್ತಾರೆ. ಆದರೆ ಕನ್ನಡಿಗರ ತಪ್ಪಿಗೆ ಇನ್ನೊಂದು ಬೇರು ಇದೆ ಎಂದು ನನಗನ್ನಿಸುತ್ತದೆ, ಅದು ನಮ್ಮ ‘ಅಂದ್ರೆ’. ‘ಉಭಯಚರ ಅಂದ್ರೆ ನೀರಲ್ಲೂ ನೆಲದಲ್ಲೂ ಬದುಕೋ ಪ್ರಾಣಿ’ ಎನ್ನುವಾಗ ಅದು ಅರ್ಥ ಬಿಡಿಸುತ್ತದೆ. ‘ಬೆಳಗ್ಗೆ ತಿಂಡಿ ಅಂದ್ರೆ ಇಡ್ಲಿ, ದೋಸೆ, ಉಪ್ಪಿಟ್ಟು’ ಎನ್ನುವಾಗ ಅದೇ ಮಾತು ಉದಾಹರಣೆ ಕೊಡುತ್ತದೆ. ಅವಲಕ್ಕಿ ತಿಂಡಿಯಲ್ಲ ಎಂದು ಹೇಳಿದವರೂ ಅಂದುಕೊಂಡಿಲ್ಲ, ಕೇಳಿದವರೂ ಅಂದುಕೊಂಡಿಲ್ಲ. ಮಾತಿನಲ್ಲಿ ಇದರಿಂದ ಯಾರಿಗೂ ತೊಂದರೆ ಇಲ್ಲ. ಇಂಗ್ಲಿಷ್ ಬರೆಯಲು ಕೂತಾಗ ಮಾತ್ರ ಎರಡೂ ‘ಅಂದ್ರೆ’ಗಳೂ ಐ.ಇ. ಆಗಿ ಇಳಿದುಬಿಡುತ್ತವೆ.

ಹಾಗಾಗಿ ಮನಸ್ಸಿನಲ್ಲಿ ‘ಅಂದರೆ’ ಹಾಕಿ ಪರೀಕ್ಷಿಸಬೇಡಿ, ಅದು ಎರಡೂ ಕಡೆ ಕೂರುತ್ತದೆ. ಪಟ್ಟಿಯ ಕೊನೆಗೆ ‘ಇಷ್ಟೇ’ ಸೇರಿಸಿ ಓದಿ. ‘ಇಡ್ಲಿ, ದೋಸೆ, ಉಪ್ಪಿಟ್ಟು, ಇಷ್ಟೇ’ ಎಂದಾಗ ಮಾತು ಸುಳ್ಳಾದರೆ ಅಲ್ಲಿಗೆ ಬೇಕಾದದ್ದು ಇ.ಜಿ.

ಒಂದೇ ವಾಕ್ಯ, ಮೂರು ಗುರುತು

ಐ.ಇ. ಎಂಬುದು ‘ಇದ್ ಎಸ್ಟ್’ ಎಂಬುದರ ಗಿಡ್ಡರೂಪ: ‘ಅದೇನೆಂದರೆ’. ಇ.ಜಿ. ಎಂಬುದು ‘ಎಕ್ಸೆಂಪ್ಲಿ ಗ್ರಾಟಿಯಾ’: ‘ಉದಾಹರಣೆಯ ಸಲುವಾಗಿ’. ವಿಜ್. ಎಂಬುದು ‘ವಿಡೆಲಿಸೆಟ್’, ಅದರೊಳಗೆ ‘ನೋಡಬಹುದು’ ಎಂಬ ಅರ್ಥ ಅಡಗಿದೆ. ಈಗ ‘ಬೈಕ್ಯಾಮೆರಲ್ ಸ್ಟೇಟ್ಸ್’ ಎಂಬ ಪದಗಳ ಮುಂದೆ ಮೂರನ್ನೂ ಒಂದೊಂದಾಗಿ ಇಟ್ಟು ನೋಡೋಣ.

‘ಬೈಕ್ಯಾಮೆರಲ್ ಸ್ಟೇಟ್ಸ್, ಐ.ಇ., ಸ್ಟೇಟ್ಸ್ ವಿತ್ ಬೋತ್ ಆನ್ ಅಸೆಂಬ್ಲಿ ಅಂಡ್ ಎ ಕೌನ್ಸಿಲ್.’ ಇಲ್ಲಿ ಕಷ್ಟದ ಪದವೊಂದನ್ನು ಬಿಡಿಸಿ ಹೇಳಿದಂತಾಯಿತು: ವಿಧಾನಸಭೆ, ವಿಧಾನ ಪರಿಷತ್ತು ಎರಡೂ ಇರುವ ರಾಜ್ಯಗಳು. ಐ.ಇ.ಯ ಎಡಕ್ಕೂ ಬಲಕ್ಕೂ ಇರುವುದು ಒಂದೇ ವಿಷಯ, ಹೇಳುವ ಬಗೆ ಮಾತ್ರ ಬೇರೆ. ಬಲಭಾಗವನ್ನು ಎತ್ತಿ ಎಡಭಾಗದ ಜಾಗದಲ್ಲಿಟ್ಟರೂ ವಾಕ್ಯ ನಿಲ್ಲಬೇಕು.

‘ಬೈಕ್ಯಾಮೆರಲ್ ಸ್ಟೇಟ್ಸ್, ಇ.ಜಿ., ಕರ್ನಾಟಕ ಅಂಡ್ ಬಿಹಾರ್.’ ಇಲ್ಲಿ ಎರಡು ಮಾದರಿ ಕೊಟ್ಟೆವು. ಇನ್ನೂ ಇವೆ ಎಂಬುದು ಇ.ಜಿ.ಯೊಳಗೇ ಇದೆ.

‘ಬೈಕ್ಯಾಮೆರಲ್ ಸ್ಟೇಟ್ಸ್, ವಿಜ್., ಆಂಧ್ರ ಪ್ರದೇಶ್, ಬಿಹಾರ್, ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ ಅಂಡ್ ಉತ್ತರ್ ಪ್ರದೇಶ್.’ ಪರಿಷತ್ತು ಇರುವ ರಾಜ್ಯಗಳು ಈಗ ಈ 6. ವಿಜ್. ಹಾಕಿದ ಮೇಲೆ ಒಂದನ್ನೂ ಬಿಡುವಂತಿಲ್ಲ. 5 ಹೆಸರು ಬರೆದು ನಿಲ್ಲಿಸಿದರೆ 6ನೆಯದು ಇಲ್ಲ ಎಂದು ಹೇಳಿದಂತಾಗುತ್ತದೆ.

ಐ.ಇ. ಮತ್ತು ವಿಜ್. ಎರಡೂ ಪಟ್ಟಿಯನ್ನು ಮುಚ್ಚುತ್ತವೆ, ಹಾಗಾಗಿ ಪೂರ್ತಿ ಪಟ್ಟಿಯ ಮುಂದೆ ಐ.ಇ. ಹಾಕಿದರೆ ದೊಡ್ಡ ತಪ್ಪೇನಲ್ಲ. ಆದರೂ ಕೆಲಸ ಹಂಚಿಕೊಟ್ಟರೆ ಬರಹ ಚೊಕ್ಕಟವಾಗುತ್ತದೆ: ಅರ್ಥ ಬಿಡಿಸಲು ಐ.ಇ., ಹೆಸರು ಹೇಳಿ ಮುಗಿಸಲು ವಿಜ್. ಗೆಳೆಯರಿಗೆ ಬರೆಯುವ ಇಮೇಲ್‌ನಲ್ಲಿ ವಿಜ್. ಭಾರವೆನಿಸುತ್ತದೆ, ಅಲ್ಲಿ ‘ನೇಮ್ಲಿ’ ಸಾಕು. ಟೆಂಡರ್, ನಡವಳಿ, ತನಿಖಾ ವರದಿಗಳಲ್ಲಿ ಅದರ ಬಿಗಿ ಉಪಯೋಗಕ್ಕೆ ಬರುತ್ತದೆ.

ವಿಡೆಲಿಸೆಟ್‌ನಲ್ಲಿ ಎಲ್ಲೂ ಇಲ್ಲದ ಝಡ್ ಅಕ್ಷರ ವಿಜ್.ನ ಕೊನೆಗೆ ಹೇಗೆ ಬಂತು ಎಂದು ಯಾರಿಗಾದರೂ ಅನ್ನಿಸಿರಬಹುದು. ಮಧ್ಯಯುಗದ ಲಿಪಿಕಾರರು ಪದದ ಕೊನೆಯ ‘ಎಟ್’ ಅನ್ನು ಪೂರ್ತಿ ಬರೆಯುವ ಬದಲು 3ರಂತೆ ಕಾಣುವ ಒಂದು ಗೀಟು ಎಳೆಯುತ್ತಿದ್ದರು. ಕೈಬರಹದಿಂದ ಅಚ್ಚಿಗೆ ಬರುವಾಗ ಆ ಗೀಟಿಗೆ ಹತ್ತಿರವಾಗಿ ಕಂಡ ಅಕ್ಷರ ಝಡ್, ಅದೇ ಉಳಿಯಿತು. ಗಟ್ಟಿಯಾಗಿ ಓದುವಾಗ ‘ವಿಜ್’ ಎನ್ನುವುದಕ್ಕಿಂತ ‘ನೇಮ್ಲಿ’ ಎಂದೇ ಓದುವುದು ಹಳೆಯ ರೂಢಿ. ಐ.ಇ.ಯನ್ನು ‘ದಟ್ ಈಸ್’, ಇ.ಜಿ.ಯನ್ನು ‘ಫಾರ್ ಎಕ್ಸಾಂಪಲ್’ ಎಂದು ಓದಿದರೆ ಕೇಳುವವರಿಗೂ ಸಲೀಸು.

ವಿಜ್. ಬಗ್ಗೆ ಇನ್ನೊಂದು ಎಚ್ಚರಿಕೆ. ‘ವಿಜ್-ಎ-ವಿಜ್’ ಎಂಬ ಪದವೇ ಇಲ್ಲ. ‘ಅದಕ್ಕೆ ಹೋಲಿಸಿದರೆ’, ‘ಅದರ ಎದುರಿಗೆ’ ಎಂಬರ್ಥದ ‘ವೀಜ್-ಅ-ವೀ’ ಫ್ರೆಂಚಿನದು, ಅದಕ್ಕೂ ವಿಡೆಲಿಸೆಟ್‌ಗೂ ಸಂಬಂಧವಿಲ್ಲ. ನಮ್ಮ ಕಚೇರಿ ಇಂಗ್ಲಿಷಿನಲ್ಲಿ ಈ ಎರಡನ್ನು ಬೆಸೆದ ಕಾಗುಣಿತ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ.

ಎರಡಕ್ಷರಕ್ಕೆ ತೆತ್ತ ಬೆಲೆ

ಇದೆಲ್ಲ ವ್ಯಾಕರಣ ಮೇಷ್ಟರ ಕಿರಿಕಿರಿ ಎಂದು ತಳ್ಳಿಹಾಕುವವರಿಗೆ ಅಮೆರಿಕದ ಒಂದು ಪೇಟೆಂಟ್ ಮೊಕದ್ದಮೆ ತೋರಿಸಬೇಕು. ಫೆನೊಫೈಬ್ರೇಟ್ ಎಂಬುದು ರಕ್ತದಲ್ಲಿನ ಕೊಬ್ಬಿನಂಶ ಇಳಿಸುವ ಔಷಧಿ. ಅದನ್ನು ಸರ್ಫ್ಯಾಕ್ಟಂಟ್ ಎಂಬ ಇನ್ನೊಂದು ಪುಡಿಯ ಜೊತೆ ಸೇರಿಸಿ ಅತಿ ನುಣ್ಣಗೆ ಅರೆಯುವ ವಿಧಾನಕ್ಕೆ ಪೇಟೆಂಟ್ ಇತ್ತು. ಈ ಕ್ರಿಯೆಯ ಹೆಸರು ‘ಕೋ-ಮೈಕ್ರೊನೈಸೇಷನ್’. ಪೇಟೆಂಟ್ ಪತ್ರದಲ್ಲಿ ಆ ಪದಗಳ ಪಕ್ಕದಲ್ಲೇ ಕಂಸದೊಳಗೆ ಐ.ಇ. ಹಾಕಿ, ಫೆನೊಫೈಬ್ರೇಟ್ ಮತ್ತು ಘನ ಸರ್ಫ್ಯಾಕ್ಟಂಟ್‌ಗಳ ಒತ್ತಾದ ಮಿಶ್ರಣವನ್ನು ಅರೆಯುವುದು ಎಂದು ಬರೆದಿದ್ದರು.

ಜೆನೆರಿಕ್ ಔಷಧಿ ಮಾಡುವ ನೊವೊಫಾರ್ಮ್ ವಿರುದ್ಧ, ಈ ಪೇಟೆಂಟಿನ ಹಕ್ಕು ಪಡೆದಿದ್ದ ಅಬಾಟ್ ಕಂಪನಿ ದಾವೆ ಹೂಡಿತು. ಆ ಮಿಶ್ರಣದಲ್ಲಿ ಬೇರೆ ಪದಾರ್ಥಗಳೂ ಇರಬಹುದು ಎಂಬುದು ಅಬಾಟ್ ವಾದ. ಫೆಡರಲ್ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ 2003ರಲ್ಲಿ ಇದನ್ನು ಒಪ್ಪಲಿಲ್ಲ. ಐ.ಇ. ಎಂದು ಬರೆದು ಪದಕ್ಕೆ ವ್ಯಾಖ್ಯೆ ಕೊಟ್ಟಾಗಿದೆ, ಆ ವ್ಯಾಖ್ಯೆಯಲ್ಲಿರುವುದು ಎರಡೇ ಪದಾರ್ಥ ಎಂದಿತು. ಅಬಾಟ್ ಸೋತಿತು. ಅಲ್ಲಿ ಇ.ಜಿ. ಇದ್ದಿದ್ದರೆ ಆ ಎರಡು ಪದಾರ್ಥಗಳ ಮಿಶ್ರಣ ಒಂದು ಮಾದರಿಯಷ್ಟೇ ಎಂದು ವಾದಿಸಲು ಜಾಗವಾದರೂ ಉಳಿಯುತ್ತಿತ್ತು.

ಎಟ್ಸೆಟ್ರಾ: ಎಷ್ಟು ದೂರ ಹೋಗಬಹುದು?

‘ಎಟ್ ಸೆಟೆರಾ’ ಎಂದರೆ ‘ಮತ್ತು ಉಳಿದವು’. ‘ಎಟ್’ ಎಂಬುದರಲ್ಲೇ ‘ಮತ್ತು’ ಇರುವುದರಿಂದ ‘ಅಂಡ್ ಎಟ್ಸೆಟ್ರಾ’ ಎಂದು ಬರೆದರೆ ‘ಮತ್ತು’ ಎರಡು ಸಲ ಬಂತು. ಉಚ್ಚಾರದಲ್ಲಿ ‘ಎಕ್ಸ್’ ಎಲ್ಲಿಯೂ ಇಲ್ಲ, ‘ಎಕ್ಸೆಟ್ರಾ’ ಎನ್ನುವ ರೂಢಿ ಬಿಡುವುದು ಒಳ್ಳೆಯದು. ಇ.ಜಿ.ಯಿಂದ ಶುರುಮಾಡಿದ ಪಟ್ಟಿಯನ್ನು ಎಟ್ಸೆಟ್ರಾದಿಂದ ಮುಗಿಸಬೇಕಿಲ್ಲ. ಇನ್ನೂ ಇವೆ ಎಂದು ಮೊದಲೇ ಹೇಳಿಯಾಗಿದೆ. ಐ.ಇ.ಯಿಂದ ಶುರುಮಾಡಿ ಎಟ್ಸೆಟ್ರಾದಿಂದ ಮುಗಿಸುವುದು ಇದಕ್ಕಿಂತ ಕೆಟ್ಟದ್ದು: ಬಾಗಿಲು ಮುಚ್ಚಿ ಕಿಟಕಿ ತೆರೆದಿಟ್ಟಂತೆ. ಓದುವವರು ಎರಡರಲ್ಲಿ ಯಾವುದನ್ನು ನಂಬಬೇಕು?

ಎಟ್ಸೆಟ್ರಾ ಹಾಕಬೇಕಾದರೆ ಅದರ ಹಿಂದಿನ ಹೆಸರುಗಳು ಒಂದು ಜಾತಿಗೆ ಸೇರಿರಬೇಕು. ‘ಟೇಬಲ್ಸ್, ಚೇರ್ಸ್, ಬೆಂಚಸ್, ಎಟ್ಸೆಟ್ರಾ’ ಎಂದು ಖರೀದಿ ಆದೇಶದಲ್ಲಿದ್ದರೆ ಸ್ಟೂಲು ಸೇರುತ್ತದೆ ಎನ್ನಬಹುದು, ಸೀಲಿಂಗ್ ಫ್ಯಾನ್ ಸೇರುತ್ತದೆ ಎನ್ನುವುದು ಕಷ್ಟ. ಕಾನೂನಿನಲ್ಲಿ ಈ ತರ್ಕಕ್ಕೂ ಒಂದು ಲ್ಯಾಟಿನ್ ಹೆಸರಿದೆ, ‘ಎಜುಸ್ಡೆಮ್ ಜೆನೆರಿಸ್’, ಅಂದರೆ ‘ಅದೇ ಜಾತಿಯದು’. ಬಿಡಿ ಹೆಸರುಗಳ ನಂತರ ‘ಇತರೆ’ ಎಂಬಂಥ ಸಾಮಾನ್ಯ ಪದ ಬಂದರೆ, ಆ ‘ಇತರೆ’ಯನ್ನು ಮೊದಲು ಹೇಳಿದವುಗಳ ಜಾತಿಗೆ ಸೀಮಿತಗೊಳಿಸಿ ಓದಬೇಕು ಎಂಬ ನಿಯಮ ಇದು.

ಈ ನಿಯಮ ಕರಾವಳಿಯ ಒಬ್ಬ ವಿದ್ಯಾರ್ಥಿನಿಯ ಓದಿಗೇ ಅಡ್ಡ ಬಂದದ್ದುಂಟು. ಸಂವಿಧಾನದ 12ನೇ ವಿಧಿ ‘ಸ್ಟೇಟ್’ ಎಂದರೆ ಯಾರು ಯಾರು ಎಂದು ಹೇಳುತ್ತದೆ: ಕೇಂದ್ರ ಸರ್ಕಾರ ಮತ್ತು ಸಂಸತ್ತು, ರಾಜ್ಯಗಳ ಸರ್ಕಾರ ಮತ್ತು ಶಾಸನಸಭೆ, ಕೊನೆಗೆ ‘ಆಲ್ ಲೋಕಲ್ ಆರ್ ಅದರ್ ಅಥಾರಿಟೀಸ್’. ಈ ‘ಅದರ್ ಅಥಾರಿಟೀಸ್’ ಅಕ್ಷರ ಬಿಡಿಸಿ ಬರೆದ ಎಟ್ಸೆಟ್ರಾ. ದಕ್ಷಿಣ ಕೆನರಾ ಮದ್ರಾಸ್ ರಾಜ್ಯದಲ್ಲಿದ್ದ ಕಾಲದಲ್ಲಿ ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜಿಗೆ ಸೇರಬಯಸಿದ ವಿದ್ಯಾರ್ಥಿನಿಗೆ ಪ್ರವೇಶ ಸಿಗಲಿಲ್ಲ. ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳದಂತೆ ಮದ್ರಾಸ್ ವಿಶ್ವವಿದ್ಯಾಲಯ ಕಾಲೇಜಿಗೆ ನಿರ್ದೇಶನ ಕೊಟ್ಟಿತ್ತು. ವಿಶ್ವವಿದ್ಯಾಲಯವೂ ‘ಸ್ಟೇಟ್’ ಆದರೆ ಲಿಂಗದ ಕಾರಣಕ್ಕೆ ತಾರತಮ್ಯ ಮಾಡುವಂತಿಲ್ಲ. ಮದ್ರಾಸ್ ಹೈಕೋರ್ಟ್ ಎಜುಸ್ಡೆಮ್ ಜೆನೆರಿಸ್ ಹಿಡಿದು, ಮೊದಲು ಹೆಸರಿಸಿದ್ದೆಲ್ಲ ಸರ್ಕಾರದ ಅಧಿಕಾರ ಚಲಾಯಿಸುವ ಸಂಸ್ಥೆಗಳು, ‘ಇತರೆ’ಯೂ ಆ ಬಗೆಯದೇ ಆಗಿರಬೇಕು, ವಿಶ್ವವಿದ್ಯಾಲಯ ಅದರಲ್ಲಿ ಬರುವುದಿಲ್ಲ ಎಂದಿತು.

1967ರಲ್ಲಿ ರಾಜಸ್ಥಾನ ವಿದ್ಯುತ್ ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಓದನ್ನು ತಳ್ಳಿಹಾಕಿತು. 12ನೇ ವಿಧಿಯಲ್ಲಿ ಹೆಸರಿಸಿದ ಸಂಸ್ಥೆಗಳಿಗೆ ಸಮಾನವಾದ ಜಾತಿಯೇ ಇಲ್ಲ, ಹಾಗಿರುವಾಗ ‘ಅದೇ ಜಾತಿಯದು’ ಎಂಬ ನಿಯಮಕ್ಕೆ ಹಿಡಿಕೆ ಎಲ್ಲಿ ಎಂಬುದು ಅದರ ತರ್ಕ. ಕಾನೂನಿನ ಕೈಯಲ್ಲಿ ಸಣ್ಣದೊಂದು ‘ಇತರೆ’ ಇಷ್ಟು ಹಿಗ್ಗಿ ಕುಗ್ಗಬಲ್ಲದು. ಹಕ್ಕು, ಹಣ, ಅರ್ಹತೆಗಳ ವಿಷಯದಲ್ಲಿ ಎಟ್ಸೆಟ್ರಾ ಬರೆದು ಕೈತೊಳೆದುಕೊಳ್ಳಬೇಡಿ. ಏನೇನು ಸೇರುತ್ತದೆ ಎಂಬುದನ್ನು ಕೂತು ಯೋಚಿಸಿ ಬರೆಯಿರಿ.

ಎಟ್ ಆಲ್., ಇಂಟರ್ ಏಲಿಯಾ, ಸಿ.ಎಫ್., ವೈಡ್

ವಸ್ತುಗಳಿಗೆ ಎಟ್ಸೆಟ್ರಾ, ಜನರಿಗೆ ‘ಎಟ್ ಆಲ್.’ ಎಂದು ನೆನಪಿಟ್ಟುಕೊಂಡರೆ ಬಹುಮಟ್ಟಿಗೆ ಸಾಕು. ‘ಎಟ್’ ಪೂರ್ತಿ ಪದವಾದ್ದರಿಂದ ಅದರ ಮುಂದೆ ಚುಕ್ಕೆ ಬೇಡ. ‘ಆಲ್’ ತುಂಡಾದ ಪದ, ಅದಕ್ಕೆ ಚುಕ್ಕೆ ಬೇಕು. ಸಂಶೋಧನಾ ಪ್ರಬಂಧ ಬರೆಯುವವರು ತಮ್ಮ ವಿಭಾಗ ಯಾವ ಶೈಲಿ ಕೇಳುತ್ತದೆ ಎಂದು ಮೊದಲು ನೋಡಿಕೊಳ್ಳಿ. 2019ರಲ್ಲಿ ಬಂದ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಶೈಲಿ ಕೈಪಿಡಿಯ 7ನೇ ಆವೃತ್ತಿಯ ಪ್ರಕಾರ ಲೇಖಕರು ಮೂವರು ಅಥವಾ ಹೆಚ್ಚಿದ್ದರೆ ಪಠ್ಯದಲ್ಲಿ ಮೊದಲ ಉಲ್ಲೇಖದಿಂದಲೇ ಮೊದಲ ಹೆಸರು ಮತ್ತು ಎಟ್ ಆಲ್. ಸಾಕು. ಹಳೆಯ ಆವೃತ್ತಿ ನೋಡಿ ಕಲಿಸಿದ ನಿಯಮ ಬೇರೆ ಇತ್ತು, ಅದರಿಂದಲೇ ಇಂದಿಗೂ ತಿದ್ದುಪಡಿಗಳು ವಾಪಸ್ ಬರುತ್ತಿರುತ್ತವೆ. ನಮ್ಮ ನ್ಯಾಯಾಲಯಗಳು ಎಟ್ ಆಲ್. ಬಳಸುವುದು ಅಪರೂಪ, ಅವುಗಳದು ‘ಅಂಡ್ ಅದರ್ಸ್’. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿಯವರ ಹೆಸರಿನಲ್ಲಿ 1973ರಲ್ಲಿ ಬಂದ ಪ್ರಸಿದ್ಧ ತೀರ್ಪಿನ ಶೀರ್ಷಿಕೆಯಲ್ಲೂ ಅದರ ಗಿಡ್ಡರೂಪವೇ ಇದೆ.

‘ಇಂಟರ್ ಏಲಿಯಾ’ ಎಂದರೆ ‘ಬೇರೆ ವಿಷಯಗಳ ಜೊತೆಗೆ’. ಇದೂ ತೆರೆದ ಪಟ್ಟಿಯೇ, ಆದರೆ ಮಾದರಿ ತೋರಿಸುವ ಉದ್ದೇಶ ಇದಕ್ಕಿಲ್ಲ. ಸಮಿತಿಯ ವರದಿಯಲ್ಲಿ ಹತ್ತಾರು ಶಿಫಾರಸುಗಳಿದ್ದು ನಿಮಗೆ ಒಂದರ ಬಗ್ಗೆ ಮಾತ್ರ ಹೇಳಬೇಕಿದ್ದಾಗ ಇದು ಸರಿಯಾದ ಜಾಗದಲ್ಲಿ ಕೂರುತ್ತದೆ. ವಕೀಲರಲ್ಲದವರಿಗೆ ಬರೆಯುವಾಗ ‘ಅಮಂಗ್ ಅದರ್ ಥಿಂಗ್ಸ್’ ಎಂದುಬಿಡಿ.

ಸಿ.ಎಫ್. ಮತ್ತು ವೈಡ್ ಎರಡೂ ಓದುವವರನ್ನು ಇನ್ನೊಂದು ಕಡೆಗೆ ಕಳಿಸುತ್ತವೆ. ಸಿ.ಎಫ್. ಎಂದರೆ ‘ಕಾನ್ಫರ್’, ಹೋಲಿಸಿ ನೋಡಿ. ನಿಮ್ಮ ಮಾತಿಗೆ ಬೆಂಬಲವಾಗಿ ಒಂದು ಪುಸ್ತಕ ತೋರಿಸುತ್ತಿದ್ದರೆ ಸಿ.ಎಫ್. ಬೇಡ, ‘ಸೀ’ ಸಾಕು. ಬೇರೆ ನಿಲುವಿನ ಬರಹದ ಪಕ್ಕದಲ್ಲಿಟ್ಟು ನೋಡಿ ಎನ್ನುವಾಗ ಸಿ.ಎಫ್. ಹಾಕಿ. ವೈಡ್ ಎಂದರೆ ಬರೀ ‘ನೋಡಿ’. ‘ವೈಡ್ ಲೆಟರ್ ನಂಬರ್ ಇಂಥದ್ದು, ದಿನಾಂಕ ಇಂಥದ್ದು’ ಎಂಬ ಸಾಲಿಲ್ಲದ ಸರ್ಕಾರಿ ಇಂಗ್ಲಿಷ್ ಪತ್ರ ನಮ್ಮಲ್ಲಿ ಸಿಗುವುದು ಕಷ್ಟ. ಕನ್ನಡ ಪತ್ರದಲ್ಲಿ ‘ಉಲ್ಲೇಖ’ ಮಾಡುವ ಕೆಲಸವನ್ನು ಅದು ಮಾಡುತ್ತದೆ. ‘ಆಸ್ ಪರ್ ವೈಡ್’ ಎಂದು ಬರೆಯುವುದು ಮಾತ್ರ ತಪ್ಪು.

ಅಲ್ಪವಿರಾಮ, ಚುಕ್ಕೆ

ಅಮೆರಿಕನ್ ಪದ್ಧತಿಯಲ್ಲಿ ಐ.ಇ., ಇ.ಜಿ.ಗಳ ನಂತರ ಅಲ್ಪವಿರಾಮ ಬೇಕೇ ಬೇಕು. ಬ್ರಿಟಿಷರು ಹೆಚ್ಚಾಗಿ ಹಾಕುವುದಿಲ್ಲ, ಅಲ್ಲಿನ ಕೆಲವು ಪತ್ರಿಕೆಗಳು ಚುಕ್ಕೆಗಳನ್ನೂ ಬಿಟ್ಟಿವೆ. ಯಾವುದನ್ನಾದರೂ ಹಿಡಿಯಿರಿ, ಒಂದು ದಾಖಲೆಯೊಳಗೆ ಬದಲಾಯಿಸಬೇಡಿ. ಓರೆ ಅಕ್ಷರ ಬೇಡ.

ಲ್ಯಾಟಿನ್ ಬೇಕೇ ಬೇಕೇ?

ಇಷ್ಟೆಲ್ಲ ತಿಳಿದ ಮೇಲೂ, ಜನರಿಗೆ ಬರೆಯುವ ನೋಟಿಸಿನಲ್ಲಿ ಈ ಯಾವುದನ್ನೂ ಬಳಸಬೇಡಿ ಎಂಬುದೇ ನನ್ನ ಸಲಹೆ. ಬ್ರಿಟಿಷ್ ಸರ್ಕಾರದ ಜಾಲತಾಣ ಐ.ಇ., ಇ.ಜಿ., ಎಟ್ಸೆಟ್ರಾಗಳನ್ನು ಕೈಬಿಡುವುದಾಗಿ 2016ರಲ್ಲಿ ಹೇಳಿತು. ಇಂಗ್ಲಿಷ್ ಎರಡನೆಯ ಭಾಷೆಯಾದವರಿಗೆ ಇವು ತೊಡಕಾಗುತ್ತವೆ, ದೃಷ್ಟಿದೋಷವುಳ್ಳವರಿಗೆ ಪುಟ ಓದಿಹೇಳುವ ತಂತ್ರಾಂಶಗಳಲ್ಲಿ ಕೆಲವು ಇ.ಜಿ.ಯನ್ನು ತಪ್ಪಾಗಿ ಓದುತ್ತವೆ ಎಂಬುದು ಕಾರಣ. ನಮ್ಮ ರಾಜ್ಯದಲ್ಲಿ ಇಂಗ್ಲಿಷ್ ನೋಟಿಸು ಓದುವ ಬಹುಪಾಲು ಜನರಿಗೆ ಅದು ಎರಡನೆಯದೋ ಮೂರನೆಯದೋ ಭಾಷೆ. ಫಾರಂ ತುಂಬಲು ಸಾಲಿನಲ್ಲಿ ನಿಂತವರು ಲ್ಯಾಟಿನ್ ಅರಿತಿರಬೇಕೆಂದು ಬಯಸುವುದು ಅನ್ಯಾಯ.

ಸಂವಿಧಾನ ಬರೆದವರೂ ಮಹತ್ವದ ಪಟ್ಟಿಗಳ ಮುಂದೆ ಪೂರ್ತಿ ಇಂಗ್ಲಿಷ್ ಪದಗಳನ್ನೇ ಇಟ್ಟರು. ಧನ ವಿಧೇಯಕ (ಮನಿ ಬಿಲ್) ಯಾವುದು ಎಂದು ಹೇಳುವ 110ನೇ ವಿಧಿಯಲ್ಲಿ ‘ಓನ್ಲಿ’ ಎಂಬ ಪದವೂ ಇದೆ, ಪಟ್ಟಿ ಶುರುವಾಗುವ ಮುನ್ನ ‘ನೇಮ್ಲಿ’ಯೂ ಇದೆ. ಪದಗಳಿಗೆ ಅರ್ಥ ನಿಗದಿ ಮಾಡುವ 366ನೇ ವಿಧಿಯಲ್ಲಿ ‘ದಟ್ ಈಸ್ ಟು ಸೇ’ ಇದೆ. ಇ.ಜಿ.ಯ ಕೆಲಸಕ್ಕೆ ನಮ್ಮ ಹಳೆಯ ಕಾಯ್ದೆಗಳಲ್ಲಿ ಇನ್ನೊಂದು ದಾರಿ ಇತ್ತು. 1860ರ ದಂಡ ಸಂಹಿತೆ, 1872ರ ಕರಾರು ಕಾಯ್ದೆಗಳಲ್ಲಿ ಕಲಮಿನ ಕೆಳಗೆ ‘ಇಲ್ಲಸ್ಟ್ರೇಷನ್’ ಎಂದು ಪುಟ್ಟ ಪ್ರಸಂಗ ಕೊಡುತ್ತಿದ್ದರು. ಅದು ನಿದರ್ಶನವೆಂದು ಎಲ್ಲರಿಗೂ ತಿಳಿಯುತ್ತಿತ್ತು, ಕಲಮಿನ ವ್ಯಾಪ್ತಿ ಅಲ್ಲಿಗೇ ಮುಗಿಯಿತೆಂದು ಯಾರೂ ಅಂದುಕೊಳ್ಳುತ್ತಿರಲಿಲ್ಲ.

ಗಿಡ್ಡರೂಪಗಳಿಗೆ ಜಾಗವಿರುವುದು ಕಂಸದೊಳಗೆ, ಅಡಿಟಿಪ್ಪಣಿಯಲ್ಲಿ, ಕೋಷ್ಟಕದಲ್ಲಿ. ಎಪಿಎ ಶೈಲಿ ಇದನ್ನೇ ನಿಯಮ ಮಾಡಿದೆ: ಐ.ಇ., ಇ.ಜಿ.ಗಳು ಕಂಸದೊಳಗೆ ಮಾತ್ರ, ಹೊರಗೆ ಪೂರ್ತಿ ಇಂಗ್ಲಿಷ್ ಪದ. ಎಟ್ ಆಲ್.ಗೆ ಮಾತ್ರ ಎರಡೂ ಕಡೆ ಅನುಮತಿ.

ಇಂಗ್ಲಿಷಿನಿಂದ ಕನ್ನಡಕ್ಕೆ ತರುವವರಿಗೆ

ಅನುವಾದ ಮಾಡುವಾಗ ಇವಕ್ಕೆ ಹುಡುಕಾಡಬೇಕಿಲ್ಲ, ಬೇಕಾದ ಪದಗಳೆಲ್ಲ ನಮ್ಮಲ್ಲಿವೆ. ಐ.ಇ.ಗೆ ‘ಎಂದರೆ’, ಇ.ಜಿ.ಗೆ ‘ಉದಾಹರಣೆಗೆ’, ವಿಜ್.ಗೆ ‘ಅವುಗಳೆಂದರೆ’. ಮಾತಿನ ‘ಅಂದ್ರೆ’ ಎರಡು ಕೆಲಸ ಮಾಡಿದರೂ ಬರಹದ ಕನ್ನಡದಲ್ಲಿ ಉದಾಹರಣೆ ಕೊಡುವಾಗ ‘ಉದಾಹರಣೆಗೆ’ ಎಂದೇ ಬರೆಯಿರಿ. ಎಟ್ಸೆಟ್ರಾ ಮತ್ತು ಎಟ್ ಆಲ್.ಗಳ ನಡುವಿನ ಭೇದವನ್ನಂತೂ ಕನ್ನಡ ವ್ಯಾಕರಣವೇ ನೋಡಿಕೊಳ್ಳುತ್ತದೆ: ವಸ್ತುಗಳಾದರೆ ‘ಮುಂತಾದವು’, ಜನರಾದರೆ ‘ಮುಂತಾದವರು’. ‘ಮುಂತಾದ’ ಎಂದು ಬರೆದ ಮೇಲೆ ಕೊನೆಗೆ ‘ಇತ್ಯಾದಿ’ ಸೇರಿಸುವ ಅಭ್ಯಾಸ ಮಾತ್ರ ಇಂಗ್ಲಿಷಿನ ‘ಇ.ಜಿ. ... ಎಟ್ಸೆಟ್ರಾ’ದಷ್ಟೇ ಅನಗತ್ಯ. ಎರಡರಲ್ಲಿ ಒಂದನ್ನು ಹೊಡೆದುಹಾಕಿ.